ಹತ್ತನೆಯವಳು

ನಮ್ಮಪ್ಪ ಹನುಮಂತಯ್ಯನಿಗೆ ಲೆಕ್ಕ ಬರುವುದಿಲ್ಲ ಎಂದು ಯಾರೂ ಹೇಳುವಂತಿರಲಿಲ್ಲ. ಅದೇ ನಮ್ಮ ಗ್ರಹಚಾರ. ಲೆಕ್ಕವೇ ಬಾರದವನಾಗಿದ್ದರೆ ಡಾಕ್ಟರು ಹೇಳಿದ್ದಕ್ಕೆ ಹೂಂ ಅಂದು ಬರುತ್ತಿದ್ದ. ನನ್ನ ತಂಗಿ ಬದುಕುತ್ತಿದ್ದಳೋ ಏನೋ.

ತಂಗಿಯ ಹೆಸರು ಚಿಕ್ಕಗಂಗಮ್ಮ, ಮನೆಯಲ್ಲಿ ಗಂಗಿ. ಎಂಬತ್ನಾಲ್ಕರಲ್ಲಿ ಮಾರೇನಹಳ್ಳಿಯ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸು. ಚಿಕ್ಕಂದಿನಲ್ಲಿ ಕೀಲುನೋವು, ಜ್ವರ ಬಂದು ಹೃದಯದ ಕವಾಟ ಕಿರಿದಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಪೇಟೆಯ ಆಚೆಯ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಸೋಮವಾರವೊಂದನ್ನು ಗೊತ್ತು ಮಾಡಿ, "ಈ ಆಪರೇಷನ್ನಲ್ಲಿ ಹತ್ತು ಜನಕ್ಕೆ ಒಂಬತ್ತು ಜನ ಆರಾಮಾಗಿ ಮನೆಗೆ ಹೋಗ್ತಾರೆ. ತಡ ಮಾಡಿದ್ರೆ ಮಾತ್ರ ನಾನೇನೂ ಹೇಳಕ್ಕಾಗಲ್ಲ" ಎಂದರು.

ಅಪ್ಪ ರಾಜಾಜಿನಗರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ದಿನವೂ ಆ ವಾರ್ಡಿಗೆ ಹೋಗತೊಡಗಿದ. ಯುಗಾದಿಯಿಂದೀಚೆಗೆ ಈ ಆಪರೇಷನ್ ಮಾಡಿಸಿಕೊಂಡವರು ಎಷ್ಟು ಜನ, ಏನಾದರು ಎಂದು ವಿಚಾರಿಸಿದ. ಅಲ್ಲಿನ ಆಯಾ ಧೈರ್ಯ ಹೇಳಲೆಂದೇ ಹೇಳಿದಳು: ಒಂಬತ್ತು ಜನ, ಎಲ್ಲರೂ ನಡೆದುಕೊಂಡೇ ಮನೆಗೆ ಹೋದರು.

ಅವತ್ತು ಅಪ್ಪ ಮನೆಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಒಂಬತ್ತೂ ಆಗೋಯ್ತಲ್ಲೇ," ಎಂದ ಅಮ್ಮನಿಗೆ. "ಬದುಕೋರು ಬದುಕಾಯ್ತು. ಇನ್ನು ಮಿಕ್ಕಿರೋದು ಹತ್ತನೇದು. ಅದು ನಮ್ಮ ಗಂಗಿ."

ಅಮ್ಮ ಒಲೆಯ ಮುಂದೆ ಕೂತಲ್ಲೇ ಕೂತುಬಿಟ್ಟಳು. ನನಗೂ ಒಂದು ಗಳಿಗೆ ಹೌದೇನೋ ಅನ್ನಿಸಿತು. ನಗು ಬಂದದ್ದು ಗಂಗಿಗೆ ಮಾತ್ರ. ಅವಳ ಕ್ಲಾಸಿನಲ್ಲಿ ಚಕ್ರಪಾಣಿ ಮೇಷ್ಟ್ರು ಆಗಷ್ಟೇ ಸಂಭವನೀಯತೆಯ ಪಾಠ ಮಾಡಿದ್ದರು. ಅಜ್ಜಿಯ ಹಳೆಯ ಎಲೆಅಡಿಕೆ ಚೀಲ ಹುಡುಕಿ, ಅದಕ್ಕೆ ಹತ್ತು ಹುಣಸೆ ಬೀಜ ಹಾಕಿದಳು. ಒಂದಕ್ಕೆ ನನ್ನ ಉಗುರುಬಣ್ಣ ಬಳಿದು ಕೆಂಪು ಮಾಡಿದ್ದಳು. ಬಣ್ಣ ಹಾಳು ಮಾಡಿದೆಯಲ್ಲೇ ಎಂದು ಬೈದೆ.

"ನೋಡಪ್ಪ, ಒಂದು ಬೀಜ ಎತ್ತಿ ಮತ್ತೆ ಒಳಗೆ ಹಾಕ್ಬೇಕು. ಆಗ ಪ್ರತಿ ಸಲಾನೂ ಒಂಬತ್ತು ಕಪ್ಪು, ಒಂದು ಕೆಂಪು. ಹಿಂದೆ ಏನು ಬಂದಿತ್ತು ಅಂತ ಬೀಜಕ್ಕೆ ಗೊತ್ತಿರಲ್ಲ."

"ಬದುಕಿ ಮನೆಗೆ ಹೋದೋರು ಮತ್ತೆ ಯಾಕಮ್ಮ ಒಳಗೆ ಬರ್ತಾರೆ?"

"ಚೀಲದಲ್ಲಿರೋದು ಜನ ಅಲ್ಲಪ್ಪ! ಒಬ್ಬೊಬ್ಬರಿಗೂ ಒಂದೊಂದು ಹೊಸ ಚೀಲ ಅನ್ಕೋ. ನನ್ನ ಚೀಲದಲ್ಲೂ ಒಂಬತ್ತು ಕಪ್ಪು ಹಾಗೇ ಇದೆ."

ಅಪ್ಪ ಸುಮಾರು ಹೊತ್ತು ಚೀಲವನ್ನೇ ನೋಡಿದ. ಮಾತು ಅವನೊಳಗೆ ಇಳಿಯುತ್ತಿರುವುದು ಕಾಣುತ್ತಿತ್ತು. ಅಲ್ಲಿಗೆ ನಿಲ್ಲಿಸಬಾರದಿತ್ತೇ ನನ್ನ ತಂಗಿ! "ಬೇಕಾದ್ರೆ ನೀನೇ ಎತ್ತಿ ನೋಡು" ಎಂದು ಚೀಲವನ್ನು ಮುಂದೆ ಹಿಡಿದಳು.

ಅಪ್ಪ ಕಣ್ಣು ಮುಚ್ಚಿ ಕೈ ಹಾಕಿದ. ಅಂಗೈ ಬಿಚ್ಚಿದಾಗ ಕೆಂಪು ಬೀಜ.

"ಇದೂ ಬರುತ್ತೆ ಅಪ್ಪ, ಹತ್ತಕ್ಕೊಂದು. ವಾಪಸ್ ಹಾಕು, ಇನ್ನೊಂದ್ಸಲ ಎತ್ತು," ಗಂಗಿ ಅಂಗಲಾಚಿದಳು. ಅಪ್ಪ ಬೀಜವನ್ನು ಚಾಪೆಯ ಮೇಲೆ ಬಿಟ್ಟು, ಹೆಣ ಮುಟ್ಟಿದವನ ಹಾಗೆ ಬಚ್ಚಲಿಗೆ ಹೋಗಿ ಕೈ ತೊಳೆದ. ಗಂಗಿಯೇ ಆ ಬೀಜವನ್ನು ಮತ್ತೆ ಚೀಲಕ್ಕೆ ಹಾಕಿಟ್ಟಳು. ಮಾರನೆಯ ದಿನ ಚಕ್ರಪಾಣಿ ಮೇಷ್ಟ್ರೇ ಮನೆಗೆ ಬಂದು ತಿಳಿಹೇಳಿದರು. ಅಪ್ಪ ಕಾಫಿ ಕೊಡಿಸಿ, "ನಿಮಗೆ ಮಕ್ಕಳಿದಾರಾ ಸಾರ್?" ಎಂದು ಕೇಳಿದ. ಅವರಿಗೆ ಇರಲಿಲ್ಲ. ಮೇಷ್ಟ್ರು ಕಾಫಿ ಕುಡಿದು ಎದ್ದುಹೋದರು.

ಆಸ್ಪತ್ರೆಯಲ್ಲಿ ಉಲ್ಲಾಳದ ನೀಲಗಂಗಮ್ಮ ಎಂಬಾಕೆಯ ಪರಿಚಯವಾಗಿತ್ತು. ಅವಳ ಮಗನಿಗೂ ಇದೇ ಕಾಯಿಲೆ, ಆದರೆ ದಿನ ಸಿಕ್ಕಿದ್ದು ಮುಂದಿನ ತಿಂಗಳು. ಅಪ್ಪ ಹೋಗಿ, "ನಿಮ್ಮ ಹುಡುಗ ತುಂಬಾ ಸೊರಗಿದಾನಮ್ಮ, ನಮ್ಮ ಸೋಮವಾರ ನೀವು ತಗೊಳ್ಳಿ, ನಿಮ್ಮ ದಿನ ನಮಗಿರ್ಲಿ" ಎಂದ. ಅವಳು ಅಪ್ಪನ ಕಾಲಿಗೆ ಬಿದ್ದಳಂತೆ. ಅಪ್ಪ ಬಿದ್ದ ಹೆಂಗಸನ್ನು ಎಬ್ಬಿಸಿ ಬಂದ. ನಮ್ಮಪ್ಪ ಕೆಟ್ಟವನಲ್ಲ. ಆದರೂ ಆ ಹುಡುಗನನ್ನು ಹತ್ತನೆಯವನಾಗಿ ಕಳಿಸಿದನಲ್ಲ, ಅದನ್ನು ನೆನೆದರೆ ಇವತ್ತಿಗೂ ನನಗೆ ಅಸಹ್ಯವಾಗುತ್ತದೆ.

ಆ ಸೋಮವಾರ ಅಮ್ಮ ದೇವರ ಮುಂದೆ ದೀಪ ಹಚ್ಚಿದಳು. ಏನು ಬೇಡಿಕೊಂಡಳೋ, ನಾನು ಕೇಳಲಿಲ್ಲ. ಸಂಜೆ ಅಪ್ಪ ಬಂದು, "ಬದುಕ್ಬಿಟ್ಟ" ಎಂದ. ಸಾವಿನ ಸುದ್ದಿಯನ್ನೂ ಜನ ಅಷ್ಟು ಸಪ್ಪಗೆ ಹೇಳುವುದಿಲ್ಲ.

ಗಂಗಿ ಚಪ್ಪಾಳೆ ತಟ್ಟಿದಳು. "ಹತ್ತನೇದೂ ಕಪ್ಪೇ ಬಂತಲ್ಲಪ್ಪ! ಈಗ ನಿನ್ನ ಲೆಕ್ಕ ಎಲ್ಲಿಗೆ ಹೋಯ್ತು?"

"ಬಾಕಿ ಬಿದ್ದಿದ್ದು ಎಲ್ಲೂ ಹೋಗಲ್ಲ ಕಣಮ್ಮ. ಇನ್ನೂ ಹತ್ರ ಬಂತು ಅಷ್ಟೇ. ಮುಂದೆ ಯಾರು ಹೋಗ್ತಾರೋ ನೋಡೋಣ."

ಗಂಗಿ ಮತ್ತೆ ವಾದ ಮಾಡಲಿಲ್ಲ. ಮಾತಾಡಲು ಅವಳಿಗೆ ಉಸಿರೇ ಸಾಲುತ್ತಿರಲಿಲ್ಲ. ಮಳೆಗಾಲ ಶುರುವಾಗಿ ಕಾಲು ಊದಿತು, ಒರಗಿಕೊಂಡೇ ನಿದ್ದೆ ಮಾಡುವಂತಾಯಿತು. ಬದಲಿಗೆ ಸಿಕ್ಕಿದ ದಿನ ಇನ್ನೂ ದೂರವಿರುವಾಗಲೇ ಒಂದು ಮಧ್ಯಾಹ್ನ ಅವಳ ತುಟಿ ನೀಲಿಯಾಯಿತು. ಆಟೋದಲ್ಲಿ ಅವಳು ನನ್ನ ಭುಜಕ್ಕೆ ಒರಗಿ, "ಅಕ್ಕಾ, ಗಾಳಿ ಬರೋ ಕಡೆ ಕೂರ್ಸು" ಎಂದಳು. ಮಳೆ ನೀರು ಬಡಿದರೆ ಬಡಿಯಲಿ ಎಂದು ಪಕ್ಕದ ಪರದೆ ಎತ್ತಿ ಕಟ್ಟಿದೆ. ಬಿನ್ನಿ ಮಿಲ್ ದಾಟುವಷ್ಟರಲ್ಲಿ ಭುಜದ ಮೇಲಿನ ತಲೆ ಭಾರವಾಯಿತು.

ತಿಥಿ ಮುಗಿದ ಮೇಲೆ ಒಂದು ಭಾನುವಾರ ನೀಲಗಂಗಮ್ಮ ಮಗನನ್ನು ಕರೆದುಕೊಂಡು ಬಂದಳು. ಕೈಯಲ್ಲಿ ತಂಬಿಟ್ಟಿನ ಡಬ್ಬಿ. ಅವಳಿಗೆ ಸುದ್ದಿ ಗೊತ್ತಿರಲಿಲ್ಲ. ಹುಡುಗ ನಮ್ಮ ಮೆಟ್ಟಿಲುಗಳನ್ನು ಓಡುತ್ತಾ ಹತ್ತಿ ಬಂದ. ಹಾರ ಹಾಕಿದ ಫೋಟೋ ನೋಡಿ ಅವಳು ಡಬ್ಬಿ ಹಿಡಿದೇ ಅಳತೊಡಗಿದಳು. "ಆ ದಿನ ನೀವು ಬಿಟ್ಟುಕೊಡದೇ ಇದ್ದಿದ್ರೆ..." ಎಂದಳು.

ಅಪ್ಪ ಹುಡುಗನನ್ನು ಹತ್ತಿರ ಕರೆದು, ಅಂಗಿ ಸರಿಸಿ, ಹೊಲಿಗೆಯ ಗುರುತನ್ನು ಬೆರಳಲ್ಲಿ ಮುಟ್ಟಿ ನೋಡಿದ. "ನಿಮಗೆ ಗೊತ್ತಿರೋರು ಯಾರಾದ್ರೂ ಆ ಆಪರೇಷನ್‌ಗೆ ಹೋಗ್ತಿದ್ರೆ ಸ್ವಲ್ಪ ತಡೀರಿ ಅನ್ನಿ ಅಮ್ಮ," ಎಂದ. "ನಮ್ಮ ಗಂಗಿ ಆಸ್ಪತ್ರೇಲಿ ಸಾಯ್ಲಿಲ್ಲ. ಅದು ಲೆಕ್ಕಕ್ಕೆ ಬರಲ್ಲ. ಆ ಒಂದು ಇನ್ನೂ ಬಾಕಿ ಇದೆ."

ಅವರು ಹೋದ ಕೂಡಲೇ ಗಂಗಿಯ ಚೀಲ ತಂದು ಅಪ್ಪನ ಮುಂದೆ ಕುಕ್ಕಿದೆ. "ಎತ್ತು. ಅವಳು ಇನ್ನೊಂದ್ಸಲ ಎತ್ತು ಅಂದಿದ್ಲು. ಈಗ ಎತ್ತು!"

ಅಪ್ಪ ಕೈ ಹಾಕಿದ. ಕಪ್ಪು. ನಾನು ಹೇಳುವ ಮೊದಲೇ ಅದನ್ನು ಒಳಗೆ ಹಾಕಿ, ಚೀಲ ಕುಲುಕಿ, ಮತ್ತೆ ಎತ್ತಿದ. ಕಪ್ಪು. ಹಾಕಿದ, ಎತ್ತಿದ. ಗಂಗಿ ಹೇಳಿಕೊಟ್ಟಿದ್ದನ್ನು ಅವನು ಒಂದಿಷ್ಟೂ ಮರೆತಿರಲಿಲ್ಲ. ಹೊರಗೆ ಕತ್ತಲಾಯಿತು, ಅಮ್ಮ ದೀಪ ಹಾಕಿದಳು. ಬೈಯಬೇಕೆಂದು ನಿಂತಿದ್ದ ನಾನು ಚಾಪೆಯ ಮೇಲೆ ಕೂತೆ.

"ಕಪ್ಪೇ ಬರ್ತಿದೆ ಕಣೇ," ಎಂದ ಅಪ್ಪ, ಚಿಕ್ಕ ಮಗುವಿನ ಹಾಗೆ ಅಳುತ್ತಾ. "ಎಷ್ಟು ಸಲ ಎತ್ತಿದ್ರೂ ಕಪ್ಪೇ ಬರ್ತಿದೆಯಲ್ಲೇ."