ಜಪಾನಿನ ಗುಳೇದಗುಡ್ಡ ಖಣ

ಶಂಕ್ರೆಪ್ಪನ ಬಟ್ಟೆ ಅಂಗಡಿ ದಾದರ್ ಸ್ಟೇಷನ್ನಿಗೆ ಕೂಗಳತೆಯಲ್ಲಿತ್ತು. ಬೆಳಗಾವಿಯವನು, ಬಾಯಿ ತುಂಬ ಎಲೆಯಡಿಕೆ, ಮಾತು ತುಂಬ ಸಕ್ಕರೆ. ಗುಳೇದಗುಡ್ಡದ ನೇಕಾರ ಗದಿಗೆಪ್ಪ ವರ್ಷಕ್ಕೊಮ್ಮೆ ರವಿಕೆಯ ಖಣಗಳ ಗಂಟು ಹೊತ್ತು ಮುಲುಂಡಿನ ಮಗಳ ಮನೆಗೆ ಬರುವುದು, ಮರುದಿನ ಲೋಕಲ್ ಹತ್ತಿ ಈ ಅಂಗಡಿಗೆ ಇಳಿಯುವುದು, ಶಂಕ್ರೆಪ್ಪ ಗಂಟು ಬಿಚ್ಚಿಯೂ ನೋಡದೆ ಒಳಗಿಡಿಸಿ ಚಹಾ ತರಿಸುವುದು ಹನ್ನೊಂದು ವರ್ಷಗಳಿಂದ ನಡೆದುಬಂದಿತ್ತು. ಐವತ್ಮೂರನೆಯ ಇಸವಿಯಲ್ಲಿ ಚಹಾ ಬಂತು, ಗಂಟು ಮಾತ್ರ ಹೊಸ್ತಿಲ ಬಳಿಯೇ ಉಳಿಯಿತು.

“ಈ ಸರತಿ ನಿನ್ನ ಮಾಲು ಬ್ಯಾಡ ಗದಿಗೆಪ್ಪ. ಗಿರಾಕಿ ಬ್ಯಾರೇದು ಕೇಳಾಕ ಹತ್ಯಾರ.”

ಗದಿಗೆಪ್ಪ ಗಂಟಿನತ್ತ ನೋಡಿದ. ಆ ಗಂಟನ್ನು ನಂಬಿ ಊರಲ್ಲಿ ಮೂರು ಮಗ್ಗಗಳಿದ್ದವು. ಮಾಲು ಹೋಗದಿದ್ದರೆ ಮುಂದಿನ ನೂಲಿಲ್ಲ; ನೂಲಿಲ್ಲದ ಮಗ್ಗ ಒಲೆಗೆ ಕಟ್ಟಿಗೆ. ಅವನ ಓಣಿಯಲ್ಲಿ ಆಗಲೇ ನಾಲ್ಕು ಮನೆಯವರು ಮಗ್ಗ ಒಡೆದು ಅಡಿಗೆ ಮಾಡಿಕೊಂಡು ಉಂಡಿದ್ದರು.

ಶಂಕ್ರೆಪ್ಪ ಕಪಾಟಿನಿಂದ ಒಂದು ಖಣ ತೆಗೆದು ಹರವಿದ. ಕಣ್ಣು ಕುಕ್ಕುವ ಹೊಳಪು. “ಜಪಾನದ ಮಾಲು. ಮಷಿನ್ ಮ್ಯಾಲ ನೇಯ್ದದ್ದು, ನಕಲಿ ರೇಷ್ಮಿ. ನಿನ್ನ ಅರ್ಧ ರೇಟಿಗೆ ಬರ್ತದ.”

ನೇಕಾರನ ಕೈ ಸುಮ್ಮನಿರುವುದಿಲ್ಲ. ಗದಿಗೆಪ್ಪ ಖಣವನ್ನು ತಿರುವಿ ಬೆನ್ನು ನೋಡಿದ, ಬೆರಳಾಡಿಸಿದ, ಮೂರನೆಯ ಹೂವಿನ ಹತ್ತಿರ ಬಂದು ನಿಂತ. ಬಿಳಿ ಎಳೆಗಳ ನಡುವೆ ಒಂದೇ ಒಂದು ಕಪ್ಪು ಎಳೆ.

ಅದು ಅವನ ಮನೆಯ ಎಳೆ. ಖಣ ಚೆನ್ನಾಗಿ ಬಂದರೆ ದೃಷ್ಟಿಯಾಗುತ್ತದೆಂದು ಅವನ ಹೆಂಡತಿ ರಾಚವ್ವ ಪ್ರತಿಯೊಂದರಲ್ಲೂ ಒಂದು ಕಪ್ಪು ಎಳೆ ಸೇರಿಸುತ್ತಿದ್ದಳು, ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟಿಟ್ಟ ಹಾಗೆ. ಒಂದರಲ್ಲಿದ್ದ ಜಾಗದಲ್ಲಿ ಇನ್ನೊಂದರಲ್ಲಿ ಇರಕೂಡದು, ಅದು ಅತ್ತೆಯ ಕಾಲದ ಕಟ್ಟಳೆ. ಗದಿಗೆಪ್ಪ ಕಪಾಟಿನ ಇನ್ನೊಂದು ಖಣ ಎಳೆದ, ಮತ್ತೊಂದು ಎಳೆದ. ಎಲ್ಲದರಲ್ಲೂ ಮೂರನೆಯ ಹೂವೇ. ಕುರುಡು ಯಂತ್ರ ದೃಷ್ಟಿಬೊಟ್ಟನ್ನೂ ಸಾವಿರಗಟ್ಟಲೆ ಅಚ್ಚುಹಾಕಿತ್ತು.

“ಹೋದ ವರ್ಷದ ಹಿಂದಿನ ವರ್ಷ ಮನಿಯಾಕಿಗೆ ಅಂತ ಒಂದು ಖಣ ಕೇಳಿದ್ರಿ,” ಎಂದ. “ನಾ ರೊಕ್ಕ ಮುಟ್ಟಲಿಲ್ಲ. ಕಾಯಿ ಇಟ್ಟು ಕೊಟ್ಟಿದ್ದೆ.”

“ಅದನ್ನಽ ಸ್ಯಾಂಪಲ್ ಅಂತ ಜಪಾನಕ್ಕ ಕಳಿಸಿದೆಪಾ. ನಾ ಕಳಿಸದಿದ್ರ ಇನ್ನೊಬ್ಬ ಕಳಸ್ತಿದ್ದ.” ಶಂಕ್ರೆಪ್ಪನ ಮುಖದಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. “ಈಗ ಬಾಯಂದಿರೆಲ್ಲ ಮೂರನೇ ಹೂವಿನ ಕರಿ ಎಳಿ ನೋಡೇ ತಗೋತಾರ. ಅದಿದ್ರ ಅಸಲಿ ಗುಳೇದಗುಡ್ಡ ಅಂತಾರ.”

ಗದಿಗೆಪ್ಪನಿಗೆ ಅವನ ಗಂಟಲು ಹಿಸುಕಬೇಕೆನಿಸಿತು. ಹಿಸುಕಲಿಲ್ಲ. ಮೂರು ಮಗ್ಗ ಕಣ್ಣ ಮುಂದಿದ್ದವು.

ಅಷ್ಟರಲ್ಲಿ ಚೆಂಬೂರಿನಲ್ಲಿರುವ ಧಾರವಾಡದ ಗಂಗುಬಾಯಿ ರಸ್ತೆಯಲ್ಲಿ ಬರುತ್ತಿರುವುದು ಕಂಡಿತು. ಕೈಬಿಚ್ಚಿ ಖರ್ಚು ಮಾಡುವ ಹಳೆಯ ಗಿರಾಕಿ. ಶಂಕ್ರೆಪ್ಪ ಗದಿಗೆಪ್ಪನ ಕಿವಿಗೆ ಬಾಗಿದ. “ಈ ಜಪಾನದ್ದಽ ನಮ್ಮ ಮಗ್ಗದ್ದು ಅಂತ ಒಂದು ಮಾತು ಹೇಳು. ನಿನ್ನ ಗಂಟು ಇವತ್ತಽ ಒಳಗ ಇಡಸ್ತೀನಿ.”

ಗಂಗುಬಾಯಿಯ ಮಗಳು ಚೊಚ್ಚಲ ಬಸುರಿ. ಸೀಮಂತದ ಕುಬಸ ಮಾಡಲು ತವರಿನ ಕಡೆಯ ಖಣವೇ ಆಗಬೇಕಿತ್ತು. ಹೊಸ್ತಿಲಲ್ಲಿ ಗಂಟಿನ ಬಾಯಿ ತುಸು ಸಡಿಲಿತ್ತು. ಅವಳು ಮೊದಲು ಅದರಿಂದಲೇ ಒಂದನ್ನು ಎಳೆದಳು, ಹೂ ಎಣಿಸಿದಳು, ಹುಬ್ಬು ಗಂಟಿಕ್ಕಿದಳು. “ಇದರಾಗ ಮೂರನೇ ಹೂವಿಗೆ ಕರಿ ಎಳೀನಽ ಇಲ್ಲಲ್ಲ?”

“ಇವ್ರು ಗುಳೇದಗುಡ್ಡದ ನೇಕಾರರು ಬಾಯಿ,” ಎಂದ ಶಂಕ್ರೆಪ್ಪ. “ಅವ್ರನ್ನಽ ಕೇಳ್ರಿ.”

ಅವಳು ಹರವಿದ್ದ ಜಪಾನಿನದನ್ನು ಬಲಗೈಗೆತ್ತಿಕೊಂಡು ಎರಡೂ ಖಣಗಳನ್ನು ಗದಿಗೆಪ್ಪನ ಮುಂದೆ ಹಿಡಿದಳು. “ಹೊಟ್ಯಾಗಿನ ಕೂಸಿನ ಹೆಸರಿಲೆ ತಗೊಳ್ಳೋದೈತಿ. ಖರೆ ಹೇಳ್ರಿ ಯಜಮಾನರ, ನಿಮ್ಮ ಕಡೇದು ಯಾವ್ದು?”

ಎಡಗೈಯದರಲ್ಲಿ ಐದನೆಯ ಹೂವಿನ ಪಕ್ಕ ರಾಚವ್ವನ ಎಳೆಯಿತ್ತು. ಕಾಲು ನೋವಿನಲ್ಲೂ ಕೂತು ಸೇರಿಸಿದ್ದಳು. ಗದಿಗೆಪ್ಪ ಬಲಗೈಯದನ್ನು ತೋರಿಸಿದ.

“ಇದು ನಮ್ಮನಿದು ರೀ ತಾಯಿ.”

ಅದು ಪೂರಾ ಸುಳ್ಳೂ ಆಗಿರಲಿಲ್ಲ. ನಕ್ಷೆಯೂ ಎಳೆಯೂ ಅವನ ಮನೆಯವೇ.

ಗಂಗುಬಾಯಿಯ ಮುಖ ಅರಳಿತು. ಜಪಾನಿನದನ್ನು ಕಣ್ಣಿಗೊತ್ತಿಕೊಂಡು ಚೀಲಕ್ಕಿಟ್ಟಳು. ಕೊಟ್ಟ ಮಾತಿನಂತೆ ಶಂಕ್ರೆಪ್ಪ ಕಣ್ಸನ್ನೆ ಮಾಡಿದ. ಆಳು ಬಂದು ಗಂಟನ್ನು ಒಳಗೆ ಹೊತ್ತುಕೊಂಡು ಹೋದ. ಅವಳ ಎಡಗೈಯಲ್ಲಿ ರಾಚವ್ವನ ಖಣ ಇನ್ನೂ ಉಳಿದಿತ್ತು. ಅದನ್ನು ಎಂಜಲು ಮುಟ್ಟಿದವಳಂತೆ ಗಲ್ಲಾಪೆಟ್ಟಿಗೆಯ ಮೇಲೆ ಬಿಸಾಡಿದಳು.

“ಬಸುರಿ ಹೆಂಗಸಿಗೆ ತೊಡಿಸೋ ಖಣದಾಗೂ ಮೋಸ ಮಾಡ್ತಾರಲ್ರಿ! ಇಂಥಾವು ನೇಯೋವರ ಕೈ ಸೇದಿ ಮರಗಟ್ಟಿ ಹೋಗ್ಲಿ.”

ಗದಿಗೆಪ್ಪ ಆ ಖಣ ಎತ್ತಿಕೊಂಡು ನಿಧಾನವಾಗಿ ಮಡಿಸಿದ.

“ಸೇದಾಕ ಹತ್ಯಾವ್ರಿ, ತಾಯಿ,” ಎಂದ.