ಸಾಕ್ಷಿ ಹೇಳುವ ಹಾಗೆ

ನೀರು ಪರೀಕ್ಷಿಸುವ ಸರ್ಕಾರಿ ಕೆಲಸಕ್ಕೆ ಜುವೈನಾ, ಅಲ್ಲಿ ವಾರದ ಮೊದಲ ಕೆಲಸದ ದಿನವಾದ ಭಾನುವಾರ, ಮತ್ತೆ ಸಂದರ್ಶನಕ್ಕೆ ಹೋಗಬೇಕಿತ್ತು. ಹೋದ ವರ್ಷ ಅಧಿಕಾರಿಗಳು "ನಿಮ್ಮ ವಿಷಯ ಹೇಳಿ" ಎಂದಾಗ ಅವಳು, "ಏನೂ ವಿಶೇಷ ಇಲ್ಲ, ದೇವರ ದಯೆ, ಎಲ್ಲ ಕ್ಷೇಮ" ಎಂದಿದ್ದಳು. ಒಮಾನಿನ ಅವರ ಹಳ್ಳಿಯಲ್ಲಿ ಸುದ್ದಿ ಕೇಳಿದವರಿಗೆ ಮೊದಲು ಹಾಗೆ ಹೇಳಿ, ಮತ್ತೆ ಕೇಳಿದ ಮೇಲೆ ಸುದ್ದಿ ಬಿಚ್ಚುವುದೇ ಮರ್ಯಾದೆ. ಮತ್ತೊಮ್ಮೆ ಕೇಳುತ್ತಾರೆಂದು ಕಾದಳು. ಅವರು ಮುಂದಿನವರನ್ನು ಕರೆದರು.

ಈಗ ಅವಳಿಗೆ ಅಭ್ಯಾಸ ಮಾಡಿಸಲು ಅಜ್ಜ ಖಲ್ಫಾನ್ ಅಂಗಳದ ಚಾಪೆಯ ಮೇಲೆ ಅಧಿಕಾರಿಯಾಗಿ ಕುಳಿತಿದ್ದರು.

"ಏನಮ್ಮಾ, ನಿನ್ನ ವಿಷಯ ಹೇಳು."

"ಏನಿದೆ ಅಜ್ಜಾ ಹೇಳೋಕೆ..."

"ನೋಡು, ಮತ್ತೆ ಶುರುವಾಯ್ತು! ಈ ಸಲಾನೂ ಬಾಯಿ ಬಿಡದಿದ್ರೆ ಆ ಕೆಲಸ ಇನ್ಯಾರದೋ ಪಾಲು."

"ನನ್ನನ್ನ ನಾನೇ ಹೊಗಳ್ಕೊಳ್ಳೋದಾ? ಅಹಂಕಾರ ಪಾಪ ಅಂತ ಕಲಿಸಿದೋರು ನೀವೇ ಅಲ್ವಾ?"

ಅಜ್ಜ ಗಡ್ಡ ಸವರಿಕೊಂಡರು. "ಹೌದು. ಆದ್ರೆ ಸಾಕ್ಷಿ ಮುಚ್ಚಿಡೋದೂ ಪಾಪವೇ ಮಗಳೇ. ಪಕ್ಕದ ಮನೆ ಹುಡುಗಿ ಬಗ್ಗೆ ಖಾಜಿ ಕೇಳಿದ್ರೆ ಕಂಡದ್ದನ್ನ ಹೇಳ್ತೀಯಲ್ಲ, ಹಾಗೇ ಹೇಳು. ಹೆಚ್ಚೂ ಬೇಡ, ಕಡಿಮೆಯೂ ಬೇಡ."

ಜುವೈನಾ ಅಜ್ಜನ ಬಟ್ಟಲಿಗೆ ಕಾಫಿ ಬಗ್ಗಿಸುತ್ತ ಮೆಲ್ಲಗೆ ಶುರುಮಾಡಿದಳು: ಊರಿನ ಕಾಲುವೆಯ ನೀರು ಕುಡಿದು ಮಕ್ಕಳು ಹಾಸಿಗೆ ಹಿಡಿದದ್ದು, ಕಾಲೇಜಿನಿಂದ ರಜೆಗೆ ಬಂದ ತಾನು ಕಾಲುವೆಯುದ್ದಕ್ಕೂ ನಡೆದು ಅಲ್ಲಲ್ಲಿ ನೀರು ಪರೀಕ್ಷಿಸಿದ್ದು, ಕೊಳೆ ಸೇರುತ್ತಿದ್ದ ಬಿರುಕನ್ನು ಹುಡುಕಿ ತೋರಿಸಿದ್ದು. ದನಿ ಗಟ್ಟಿಯಾಗುತ್ತ ಹೋಯಿತು. ಅಲ್ಲಿಯ ರೂಢಿಯಂತೆ ಸಾಕೆಂದು ಖಾಲಿ ಬಟ್ಟಲು ಅಲ್ಲಾಡಿಸುವುದನ್ನೇ ಅಜ್ಜ ಮರೆತರು. ಅವಳು ಹೇಳುತ್ತ, ಬಟ್ಟಲು ಬರಿದಾದಂತೆಲ್ಲ ಬಗ್ಗಿಸುತ್ತಲೇ ಇದ್ದಳು.

"ಆಮೇಲೆ?" ಎಂದರು ಚಾಪೆಯ ಮೇಲಿನ ಅಧಿಕಾರಿಗಳು.