ಏಳೂವರೆ ಪೂಜೆ

ಹಾಡಿನ ಎರಡನೇ ಚರಣಕ್ಕೆ ಬಂದಾಗ ಚೌರಪ್ಪನ ದನಿ ನಿಂತುಹೋಯಿತು. ಹಾರ್ಮೋನಿಯಂ ಮೇಲೆ ಬೆರಳು ಓಡುತ್ತಲೇ ಇತ್ತು, ಬಾಯಿ ಮಾತ್ರ ತೆರೆದದ್ದು ತೆರೆದಂತೆಯೇ ಉಳಿಯಿತು. ಪರಮಪ್ರಸಾದಕ್ಕೆ ನಿಂತ ಸಾಲಿನಲ್ಲಿ, ಜ್ಞಾನಮ್ಮಜ್ಜಿಯ ಹಿಂದೆ, ಹೆಗಲ ಮೇಲೆ ಹಸಿರು ಟವೆಲ್ಲು ಹಾಕಿಕೊಂಡು ಚಿಕ್ಕಬೈರಪ್ಪ ನಿಂತಿದ್ದ.

ಹಣೆಯ ವಿಭೂತಿಯನ್ನು ಬರುವಾಗ ಒರೆಸಿಕೊಂಡಿದ್ದನಾದರೂ ಹುಬ್ಬಿನ ಮೇಲೆ ಇನ್ನೂ ಬೂದು ಬಣ್ಣ ಉಳಿದಿತ್ತು. ಚೌರಪ್ಪ ಕಣ್ಣಲ್ಲೇ ಬೇಡ ಬೇಡವೆಂದು ಸನ್ನೆ ಮಾಡಿದ. ಗೆಳೆಯ ಮಾತಾಡಿಸುತ್ತಿದ್ದಾನೆಂದುಕೊಂಡ ಬೈರಪ್ಪ ಗೋಣು ಆಡಿಸಿ ನಕ್ಕ. ತೀರ್ಥಕ್ಕೆ ಒಡ್ಡುವ ಹಾಗೆ ಎರಡೂ ಕೈ ಬೊಗಸೆ ಮಾಡಿ ಮುಂದೆ ಹೋದ.

"ಕ್ರಿಸ್ತರ ಶರೀರ," ಎಂದರು ಫಾದರ್ ನಿರಂಜನ್.

"ಆಗ್ಲಿ ಸ್ವಾಮಿ," ಎಂದ ಬೈರಪ್ಪ.

ಫಾದರ್ ಕೈ ಒಂದು ಗಳಿಗೆ ತಡೆಯಿತು. ಹಿಂದೆ ಇಪ್ಪತ್ತು ಜನ ಕಾಯುತ್ತಿದ್ದರು. ಕಾಸಗಲದ ಬಿಳಿಯ ರೊಟ್ಟಿ ಬೊಗಸೆಗೆ ಬಿತ್ತು. ಬೈರಪ್ಪ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ, ಟವೆಲ್ಲಿನ ತುದಿಗೆ ಇಟ್ಟು ಗಂಟು ಹಾಕಿದ, ಬಲಿಪೀಠಕ್ಕೆ ಬೆನ್ನು ತೋರಿಸಬಾರದೆಂದು ನಾಲ್ಕು ಹೆಜ್ಜೆ ಹಿಂದಕ್ಕೇ ನಡೆದು, ಪಕ್ಕದ ಬಾಗಿಲಿಂದ ಹೊರಟುಹೋದ.

"ಹಾಡ್ರೀ, ಏನ್ ನೋಡ್ತಾ ಕೂತ್ರಿ," ಎಂದು ಹೆಂಡತಿ ಲೂರ್ದಮ್ಮ ಮೊಣಕೈಯಲ್ಲಿ ತಿವಿದಳು. ಅವಳು ನೋಡಿರಲಿಲ್ಲ.

ಹೆಬ್ಬಾಗಿಲ ಹತ್ತಿರ ಪಾಲನಾ ಮಂಡಳಿಯ ಕಾರ್ಯದರ್ಶಿ ಮೋನಿಕಾ ತಲೆ ಎಣಿಸುವ ಪುಟ್ಟ ಯಂತ್ರ ಹಿಡಿದು ನಿಂತಿದ್ದಳು. ಅಕ್ಟೋಬರ್ ಜಪಸರದ ತಿಂಗಳು. ಸಂಜೆಯಾದರೆ ಒಂದೊಂದು ಮನೆಯಲ್ಲಿ ಜಪಸರ, ಕಡಲೆಕಾಳು ಉಸಲಿ, ಟೀ. ನೋಟಿಸ್ ಬೋರ್ಡಿನ ತುಂಬ ಬೈಬಲ್ ಕ್ವಿಜ್ಜು, ಫುಡ್ ಫೆಸ್ಟು, ಸಮಾಧಿ ತೊಳೆಯುವ ದಿನ. ಅವುಗಳ ನಡುವೆ ಈ ವರ್ಷ ಇನ್ನೊಂದು ಚೀಟಿ ಸೇರಿತ್ತು. ಭಾನುವಾರ ಏಳೂವರೆಯ ಕನ್ನಡ ಪೂಜೆಗೆ ಮೂರು ವಾರ ತಲೆ ಎಣಿಸುತ್ತಾರೆ. ಒಂದು ವಾರವಾದರೂ ಎಂಬತ್ತು ಮುಟ್ಟಬೇಕು. ಮುಟ್ಟದಿದ್ದರೆ ಕನ್ನಡ ಪೂಜೆ ತಿಂಗಳಿಗೊಂದು, ಉಳಿದ ವಾರ ಆ ಹೊತ್ತು ಮಕ್ಕಳ ಇಂಗ್ಲಿಷ್ ಪೂಜೆಗೆ.

"ದೇವರ ಪೂಜೆಗೂ ಮಿನಿಮಮ್ ಬ್ಯಾಲೆನ್ಸ್ ಇಡ್ಬೇಕೇನ್ರೀ?" ಎಂದು ಚೌರಪ್ಪ ಸಭೆಯಲ್ಲಿ ಮೇಜು ಗುದ್ದಿದ್ದ. ಟೀ ಲೋಟ ಉರುಳಿ ಮೋನಿಕಾಳ ಕಾಗದವೆಲ್ಲ ಒದ್ದೆಯಾಗಿತ್ತು. ಅವನ ಅಪ್ಪ ಈ ಚರ್ಚಿಗೆ ಶೀಟು ಹೊದಿಸಿದ್ದ ಕಾಲದಲ್ಲಿ ಇದ್ದದ್ದು ಒಂದೇ ಪೂಜೆ, ಅದೂ ಕನ್ನಡದ್ದು. ಮೂವತ್ತು ವರ್ಷದಿಂದ ಹಾಡು ಹೇಳಿಸುತ್ತಿದ್ದವನು ಚೌರಪ್ಪನೇ. ಯಶವಂತಪುರದ ಮಾರ್ಕೆಟ್ಟಿಗೆ ಶನಿವಾರ ಎಷ್ಟೇ ಬಾಡಿಗೆ ಹೊಡೆದಿರಲಿ, ಭಾನುವಾರ ಏಳು ಗಂಟೆಗೆ ಈರುಳ್ಳಿ ವಾಸನೆಯ ಟೆಂಪೊ ಚರ್ಚಿನ ಮುಂದೆ ನಿಲ್ಲುತ್ತಿತ್ತು.

ಫಾದರ್ ನಿರಂಜನ್ ಮೆಲ್ಲಗೆ ಹೇಳಿದ್ದರು: "ಚೌರಪ್ಪನವರೇ, ಕೂಗಾಡಿ ಏನು ಉಪಯೋಗ? ಜನ ಕರ್ಕೊಂಡು ಬನ್ನಿ."

ಮೊದಲ ವಾರ ಐವತ್ತೆರಡು. ಎರಡನೇ ವಾರ ಐವತ್ತೈದು. ಚೌರಪ್ಪ ಕನ್ನಡದ ಮನೆಗಳನ್ನೆಲ್ಲ ಸುತ್ತಿದ. "ಮಕ್ಕಳ ಕ್ಯಾಟಕಿಸಮ್ ಕ್ಲಾಸು ಇಂಗ್ಲಿಷಲ್ಲಿ ಅಲ್ವಾ ಅಣ್ಣ, ಎರಡೆರಡು ಸಲ ಯಾರ್ ಬರ್ತಾರೆ?" ಎಂದರು. ಒಬ್ಬ ಬಾಗಿಲನ್ನೇ ತೆರೆಯದೆ ಕಿಟಕಿಯಲ್ಲಿ ಮಾತಾಡಿ ಕಳಿಸಿದ. ಸ್ವಂತ ಮಗಳು ನಯನಾ ಒಂಬತ್ತೂವರೆಯ ಇಂಗ್ಲಿಷ್ ಕ್ವಾಯರಿನಲ್ಲಿ ಹಾಡುತ್ತಿದ್ದಳು.

"ಒಂದೇ ಒಂದು ವಾರ ಬಾರೇ," ಎಂದ.

"ಪ್ರಾಕ್ಟೀಸ್ ಇದೆ ಅಪ್ಪ. ಆಮೇಲೆ ನಿಮ್ಮ ಹಾಡು ಶುರುವಾದ್ರೆ ಮುಗಿಯೋದೇ ಇಲ್ಲ."

ಮೂರನೇ ಎಣಿಕೆಯ ಹಿಂದಿನ ದಿನ, ಶನಿವಾರ ಸಂಜೆ, ಅವನು ಕೈಚೆಲ್ಲಿ ಕೂತದ್ದು ವಿದ್ಯಾರಣ್ಯಪುರದ ಆಚೆಯ ಸಿಂಗಾಪುರವೆಂಬ ಹಳ್ಳಿಯಲ್ಲಿ, ಬೈರಪ್ಪನ ಕೊಟ್ಟಿಗೆಯ ಜಗಲಿ ಮೇಲೆ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಊರ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಒದೆ ತಿಂದವರು. ಬೈರಪ್ಪನ ಹೊಲವೆಲ್ಲ ಲೇಔಟಾಗಿತ್ತು. ನಾಲ್ಕು ಅಂತಸ್ತಿನ ಬಾಡಿಗೆ ಮನೆ ಎದ್ದಿತ್ತು. ಆದರೂ ಕೆಳಗೆ, ಕಾರು ನಿಲ್ಲಿಸುವ ಜಾಗದಲ್ಲಿ, ಹಸು ಕಟ್ಟುವುದನ್ನು ಅವನು ಬಿಟ್ಟಿರಲಿಲ್ಲ.

"ಎಷ್ಟ್ ಜನ ಕಮ್ಮಿ ಬೀಳ್ತಾರೋ?"

"ಇಪ್ಪತ್ತೈದು."

"ಇಷ್ಟಕ್ಕೇ ಮುಖ ಇಂಗೆ ಮಾಡ್ಕೊಂಡಿದ್ದೀಯಾ? ಎಲೆಕ್ಷನ್‌ಗೆ ಇನ್ನೂರು ಜನ ಗಾಡಿಗ್ ತುಂಬ್ಕೊಂಡು ಓಗಿಲ್ವಾ ನಾವು?"

"ಇದು ಎಲೆಕ್ಷನ್ನಲ್ಲ ಕಣೋ. ಬಿರಿಯಾನಿ ಇಲ್ಲ."

"ಬಿರಿಯಾನಿ ಯಾರ್ ಕೇಳಿದ್ರು ನಿನ್ನ? ಬಂದು ಏನ್ ಮಾಡ್ಬೇಕು, ಅದ್ನ ಏಳು."

"ಏನೂ ಇಲ್ಲ. ಎಲ್ರೂ ಎದ್ರೆ ಏಳಿ, ಕೂತ್ರೆ ಕೂತ್ಕೊಳ್ಳಿ. ಎಲ್ರೂ ಮಾಡ್ದಂಗೆ ಮಾಡಿ."

ಮರುದಿನ ಬೆಳಿಗ್ಗೆ ಟೆಂಪೊ ಎರಡು ಸಲ ಓಡಿತು. ಇಪ್ಪತ್ತೇಳು ಜನ. ಮುನಿವೆಂಕಟಯ್ಯ ಒಗೆದ ಪಂಚೆ ಉಟ್ಟು ಬಂದ. ಬಾಡಿಗೆದಾರ ಸತೀಶ್ ಹೆಂಡತಿಯನ್ನೂ ಕರೆತಂದ. ಎಲ್ಲರೂ ಹೊರಗೆ ಚಪ್ಪಲಿ ಸಾಲಾಗಿ ಬಿಟ್ಟು ಹಿಂದಿನ ಬೆಂಚುಗಳಲ್ಲಿ ಮುದುರಿ ಕೂತರು. ಊರಿನ ಹಿರಿಯ ಹಿಂದೆ ಕೂರಬಾರದೆಂದು ಬೈರಪ್ಪನನ್ನು ಮಾತ್ರ ಚೌರಪ್ಪನೇ ಕೈಹಿಡಿದು ಎರಡನೇ ಸಾಲಿನಲ್ಲಿ, ಅಜ್ಜಿಯರ ಪಕ್ಕ ಕೂರಿಸಿದ್ದ.

ಪೂಜೆ ಮುಗಿಯಿತು. ಮೋನಿಕಾ ಯಂತ್ರವನ್ನು ಮುಖದ ಹತ್ತಿರ ಹಿಡಿದು ನೋಡಿದಳು. "ಕಂಗ್ರಾಜುಲೇಷನ್ಸ್ ಅಂಕಲ್. ಎಂಬತ್ಮೂರು." ಆಮೇಲೆ ದನಿ ತಗ್ಗಿಸಿದಳು. "ಹಸಿರು ಟವೆಲ್ ಹಾಕಿದ್ರಲ್ಲ, ಅವರ್ಯಾರು? ಹೊಸ ಫ್ಯಾಮಿಲೀನಾ?"

"ನಮ್ ಕಡೇರು," ಎಂದು ಚೌರಪ್ಪ ಅವಳ ಮುಖ ನೋಡದೆ ಟೆಂಪೊ ಹತ್ತಿದ. ಕರೆತಂದವರನ್ನು ವಾಪಸು ಬಿಡಬೇಕೆನ್ನುವುದೂ ತಲೆಗೆ ಹೊಳೆಯಲಿಲ್ಲ.

ಮೊದಲ ಪರಮಪ್ರಸಾದದ ವಯಸ್ಸಿನಲ್ಲಿ ಉಪದೇಶಿ ಇನ್ನಾಸಪ್ಪ ಬೆತ್ತ ಹಿಡಿದು ಕಲಿಸಿದ್ದು ನೆನಪಾಯಿತು. ದೀಕ್ಷಾಸ್ನಾನವಾಗದವರು ಮುಟ್ಟಬಾರದು, ಪಡೆದವರು ಅಲ್ಲೇ ನುಂಗಬೇಕು, ಹಲ್ಲಿಗೆ ತಾಗಬಾರದು, ಚೂರು ನೆಲಕ್ಕೆ ಬೀಳಬಾರದು, ಬಿದ್ದರೆ ಆ ಜಾಗವನ್ನೇ ತೊಳೆಯಬೇಕು. ಐವತ್ತು ದಾಟಿದರೂ ಚೌರಪ್ಪನಿಗೆ ಆ ಬೆತ್ತದ ಭಯ ಹೋಗಿರಲಿಲ್ಲ. ಅಂಥದ್ದು ಈಗ ಹಾಲಿನ ಕ್ಯಾನು ಒರೆಸುವ ಟವೆಲ್ಲಿನ ಗಂಟಿನಲ್ಲಿತ್ತು. ಗಂಟು ಬಿಚ್ಚಿರದಿದ್ದರೆ ಸಾಕು ಎಂದುಕೊಳ್ಳುತ್ತ ವಿದ್ಯಾರಣ್ಯಪುರದ ಎರಡು ಹಂಪುಗಳನ್ನು ಬ್ರೇಕು ಹಿಡಿಯದೆ ಹಾರಿಸಿದ.

ಗೇಟಿನಲ್ಲೇ ಬೈರಪ್ಪನ ಹೆಂಡತಿ ಗಂಗರತ್ನಮ್ಮ ಎದುರಾದಳು. ಮಡಿಸೀರೆ ಉಟ್ಟಿದ್ದಳು. "ಬಾರಣ್ಣ, ನೂರ್ ವರ್ಷ ಆಯಸ್ಸು ನಿಂಗೆ. ಇವ್ರು ಆಟೊ ಇಡ್ಕೊಂಡು ಓಡ್ಬಂದ್ರು, ಈಗ ತಾನೆ ನಿನ್ ಮಾತೇ ಆಡ್ತಿದ್ವಿ," ಎಂದು ಒಳಗೆ ಹೋಗಿ ವೀಳ್ಯದೆಲೆಯ ಮೇಲೆ ಏನನ್ನೋ ಇಟ್ಟುಕೊಂಡು ಬಂದಳು. "ತಗೋ. ನಿಂಗೂ ಒಂದ್ ಚೂರು ಮಡಗಿದ್ದೀನಿ."

ಉಗುರಿನಷ್ಟು ಬಿಳಿ ಚೂರು. ಚೌರಪ್ಪನ ಕೈ ತಾನಾಗಿಯೇ ಮುಂದೆ ಹೋಯಿತು. ಅಂಗೈಗೆ ಬಿದ್ದದ್ದನ್ನು ಮುಚ್ಚಿ ಹಿಡಿದ.

"ಮಿಕ್ಕಿದ್ದೆಲ್ಲಿ?"

"ಎಲ್ರಿಗೂ ಅಂಚಿದ್ವಿ. ಸ್ನಾನ ಮಾಡ್ದೋರ್ಗೆ ಮಾತ್ರ ಕೊಟ್ಟಿದ್ದು ಮತ್ತೆ, ಅಂಗೇ ಕೊಡ್ಲಿಲ್ಲ. ನಮ್ ಮೊಮ್ಮಗ್ಳು ಮೋನಿಷಂಗೆ ಎರಡು ದಿನದಿಂದ ಜ್ವರ, ಅವ್ಳಿಗೆ ಮೊದ್ಲು ಆಕಿದ್ದು."

ಕೊಟ್ಟಿಗೆಯಿಂದ ಬೈರಪ್ಪ ಕೈ ಒರೆಸುತ್ತ ಬಂದ. "ಕೊನೇ ಚೂರು ಗೌರಿಗ್ ಕೊಟ್ಟೆ ಕಣೋ. ಗಬ್ಬ ಆಗೈತೆ, ಒಳ್ಳೇದಾಗ್ಲಿ ಅಂತ."

ಕಟ್ಟಿದ್ದ ಹಸು ಮೂತಿ ನೆಕ್ಕಿಕೊಳ್ಳುತ್ತಿತ್ತು. ಚೌರಪ್ಪ ಕಿರುಚಿದ.

"ದನಕ್ಕಾ? ದನಕ್ ತಿನ್ನಿಸ್ದೇನೋ ಅದನ್ನ? ನಿನ್ ಬಾಯ್ಗೆ ಮಣ್ ಹಾಕ! ಯಾರ್ ಎದ್ದು ಹೋಗು ಅಂದ್ರು ನಿನ್ನ? ಯಾರ್ ಕೈ ಒಡ್ಡು ಅಂದ್ರು?"

"ಎಲ್ರೂ ಮಾಡ್ದಂಗೆ ಮಾಡು ಅಂದೋನು ನೀನು. ಬೆಂಚಿಗ್ ಬೆಂಚೇ ಎದ್ದು ಓಯ್ತು. ನಾನೊಬ್ನೇ ಕಾಲ್ ಮೇಲ್ ಕಾಲ್ ಆಕ್ಕೊಂಡ್ ಕೂತಿದ್ರೆ ದೇವ್ರಿಗೆ ಮರ್ವಾದೆನಾ?"

"ನಿಂಗೇನ್ ಗೊತ್ತೋ ಅದರ ಬೆಲೆ! ಸಗಣಿ ಬಾಚೋ ಕೈಗೆ, ಕೊಟ್ಟಿಗೇಲಿ ಹೊರಳಾಡೋರಿಗೆ ಏನ್ ಗೊತ್ತಾಗ್ಬೇಕು ದೇವರು ಅಂದ್ರೆ!"

ಮೇಲಿನ ಅಂತಸ್ತಿನ ಬಾಲ್ಕನಿಗಳಲ್ಲಿ ಜನ ಇಣುಕಿದರು. ಗಂಗರತ್ನಮ್ಮ ಖಾಲಿ ವೀಳ್ಯದೆಲೆಯನ್ನು ಹಿಡಿದುಕೊಂಡೇ ನಿಂತಳು. ಬೈರಪ್ಪ ಕೂಗಲಿಲ್ಲ. ಕೂಗಿದ್ದರೆ ಚೌರಪ್ಪನಿಗೆ ಸುಲಭವಾಗುತ್ತಿತ್ತು.

"ನಿಮ್ ದೇವ್ರು ಕೊಟ್ಟಿಗೇಲೇ ಉಟ್ಟಿದ್ದು ಅಂತ ಪ್ರತಿ ಕ್ರಿಸ್‌ಮಸ್ಸಿಗೂ ನನ್ ತಾವಲೇ ಅಲ್ವೇನೋ ಉಲ್ಲು ಇಸ್ಕೊಂಡು ಓಗೋದು?" ಎಂದ. "ಆಗ ಈ ಸಗಣಿ ವಾಸ್ನೆ ಬರ್ಲಿಲ್ವಾ ನಿಂಗೆ?"

ಚೌರಪ್ಪ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದ.

"ನಿಂಗ್ ಬೇಕಾಗಿದ್ದು ತಲೆ. ಬರೀ ತಲೆ. ಅದ್ರ ಕೆಳಗೆ ಕೈ ಐತೆ, ಅದೂ ನಮಸ್ಕಾರ ಮಾಡ್ತೈತೆ ಅಂತ ನಿಂಗ್ ನೆನಪೇ ಇರ್ಲಿಲ್ಲ. ಓಗೋ, ಓಗು. ಎಣಿಸ್ಕಂಡಾಯ್ತಲ್ಲ."

ಬೈರಪ್ಪ ತಿರುಗಿ ಕೊಟ್ಟಿಗೆಗೆ ಹೋದ. ಗಂಗರತ್ನಮ್ಮ ಗಂಡನ ಬೆನ್ನು ನೋಡಿ ಒಳಗೆ ನಡೆದಳು. ಬಾಗಿಲು ಹಾಕಿಕೊಂಡ ಸದ್ದೂ ಜೋರಾಗಿರಲಿಲ್ಲ.

ಮುಷ್ಟಿಯಲ್ಲಿದ್ದದ್ದನ್ನು ಅಲ್ಲೇ ಬಾಯಿಗೆ ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಚೌರಪ್ಪ ಕೈಯನ್ನು ಎದೆಯವರೆಗೆ ತಂದ. ಈಗ ತಾನೆ ಅಷ್ಟು ಹೊಲಸು ಆಡಿದ ಬಾಯಿ. ಪಾಪನಿವೇದನೆ ಮಾಡದೆ ಅದೇ ಬಾಯಿಗೆ ಇದನ್ನು ಹೇಗೆ ಹಾಕಿಕೊಳ್ಳುವುದು? ಜೇಬಿಗೆ ಇಡುವಂತಿಲ್ಲ, ಎಲ್ಲಿಯೂ ಇಳಿಸುವಂತಿಲ್ಲ. ಟೆಂಪೊ ಹತ್ತಿ ಕೂತ. ಎಡಗೈ ಮುಷ್ಟಿ ಕಟ್ಟಿಕೊಂಡು ಗೇರು ಹಾಕಲು ಬರುವುದಿಲ್ಲ ಎಂದು ಗೊತ್ತಾಗಿ ಇಳಿದ. ಗಾಡಿಯನ್ನು ಅವರ ಗೇಟಿನ ಮುಂದೆಯೇ ಬಿಟ್ಟು ನಡೆಯತೊಡಗಿದ.

ಬಿಸಿಲು ಏರುತ್ತಿತ್ತು. ದಾರಿಯಲ್ಲಿ ಚರ್ಚಿನಿಂದ ನಡೆದು ವಾಪಸು ಬರುತ್ತಿದ್ದ ಮುನಿವೆಂಕಟಯ್ಯ ಸಿಕ್ಕಿದ. "ಏನಪ್ಪ ಚೌರಪ್ಪ, ಬರ್ವಾಗ ಗಾಡಿ, ಓಗ್ವಾಗ ಕಾಲ್ನಡಿಗೇನಾ? ಇದೂ ಎಲೆಕ್ಷನ್ ಇದ್ದಂಗೇ ಬಿಡು," ಎಂದು ನಕ್ಕ. ಅವನ ಹಿಂದೆ ಸತೀಶನ ಹೆಂಡತಿ ಚಪ್ಪಲಿ ಕಿತ್ತುಹೋಗಿ ಬರಿಗಾಲಲ್ಲಿ ಬರುತ್ತಿದ್ದಳು. ಚೌರಪ್ಪ ಮುಷ್ಟಿಯನ್ನು ಹೊಟ್ಟೆಗೆ ಒತ್ತಿಕೊಂಡು ರಸ್ತೆ ದಾಟಿದ.

ಚರ್ಚಿನಲ್ಲಿ ಒಂಬತ್ತೂವರೆಯ ಪೂಜೆ ಶುರುವಾಗಿತ್ತು. ಒಳಗೆ ಜಾಗ ಸಾಲದೆ ಜನ ಅಂಗಳದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಅವರಲ್ಲಿ ಕಿಟಕಿಯಿಂದ ಮಾತಾಡಿ ಕಳಿಸಿದವನೂ ಇದ್ದ. ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. ಆ ಪೂಜೆ ಸಹಾಯಕ ಗುರುಗಳದ್ದು. ಫಾದರ್ ನಿರಂಜನ್ ಹಿಂದಿನ ವರಾಂಡದಲ್ಲಿ ಒಬ್ಬರೇ ಕಾಫಿ ಕುಡಿಯುತ್ತಿದ್ದರು.

ಚೌರಪ್ಪ ಅವರ ಮುಂದೆ ಕೈ ಬಿಚ್ಚಿದ. ಚೂರು ಇರಲಿಲ್ಲ. ಬೆವರಿಗೆ ಕರಗಿ, ಅಂಗೈ ಗೆರೆಗಳಲ್ಲಿ ಬಿಳಿ ಹಿಟ್ಟಿನಂತೆ ಅಂಟಿಕೊಂಡಿತ್ತು.

ಬೈರಪ್ಪನ ಬೊಗಸೆಯಿಂದ ಹಿಡಿದು ಹಸುವಿನವರೆಗೆ ಒಂದೂ ಬಿಡದೆ ಹೇಳಿದ. ಫಾದರ್ ಕಾಫಿ ಲೋಟ ಕೆಳಗಿಟ್ಟರು. ಎದ್ದು ಒಳಗಿಂದ ಗಾಜಿನ ಬಟ್ಟಲು, ಚೊಂಬಿನಲ್ಲಿ ನೀರು ತಂದರು. ತಾವೇ ನೀರು ಹೊಯ್ದು ಅವನ ಕೈ ತೊಳೆಸಿದರು.

"ಕೊಟ್ಟೋನು ನಾನು," ಎಂದರು. "ಅವರು ನಮ್ಮೋರಲ್ಲ ಅಂತ ಆಗಲೇ ಗೊತ್ತಾಯ್ತು ನನಗೆ. ಅಷ್ಟು ಭಕ್ತಿಯಿಂದ ಕೈ ಒಡ್ಡಿದೋರಿಗೆ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ." ನೀರು ನಿಂತಿತು. "ಆ ಎಂಬತ್ಮೂರರಲ್ಲಿ ಅವರೊಬ್ಬರೇ ತಾನೆ?"

ಪ್ರಶ್ನೆಯಲ್ಲೇ ಉತ್ತರವಿತ್ತು. ಒಬ್ಬನನ್ನು ಕಳೆದರೆ ಎಂಬತ್ತೆರಡು. ಫಾದರ್ ಬಟ್ಟಲನ್ನೇ ನೋಡುತ್ತಿದ್ದರು. ಹೂಂ ಎಂದರೆ ಸಾಕಿತ್ತು, ಅವರೂ ಅದಕ್ಕೇ ಕಾಯುತ್ತಿದ್ದಂತಿತ್ತು.

"ಇಪ್ಪತ್ತೇಳು," ಎಂದ ಚೌರಪ್ಪ. ಆಮೇಲೆ ದನಿ ಏರಿತು. "ಇಪ್ಪತ್ತೇಳು ಕಳೀರಿ ಸ್ವಾಮಿ. ಕರೆದ ಕೂಡ್ಲೇ ಬಂದೋರು ಆ ಇಪ್ಪತ್ತೇಳೇ. ಸ್ನಾನ ಮಾಡ್ಕೊಂಡು, ಚಪ್ಲಿ ಹೊರಗ್ ಬಿಟ್ಟು ಬಂದ್ರು. ನಮ್ಮೋರು ಬರ್ಲಿಲ್ಲ. ಅದನ್ನೂ ಬರ್ಕೊಳ್ಳಿ ನಿಮ್ಮ ಕೌನ್ಸಿಲ್ಲಿನ ಬುಕ್ಕಲ್ಲಿ. ನಮ್ಮೋರು ಬರ್ಲಿಲ್ಲ ಅಂತ."

"ಹಾಗಾದರೆ ಮುಂದಿನ ತಿಂಗಳಿಂದ—"

"ಗೊತ್ತು. ಹೇಳ್ಬೇಡಿ."

ಫಾದರ್ ಕಾಫಿ ಲೋಟ ಎತ್ತಿಕೊಂಡು, ಮತ್ತೆ ಇಟ್ಟರು. ಬಟ್ಟಲನ್ನು ಅವನ ಕೈಗೆ ಕೊಟ್ಟರು. "ಈ ನೀರನ್ನ ಚರಂಡಿಗೆ ಚೆಲ್ಲೋ ಹಾಗಿಲ್ಲ. ಯಾರೂ ತುಳಿಯದ ಕಡೆ ಮಣ್ಣಿಗೆ ಹಾಕಿ."

ಕಾಂಪೌಂಡಿನ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಒಂದು ಪಪ್ಪಾಯಿ ಗಿಡ ತಾನಾಗಿ ಹುಟ್ಟಿ ಬೆಳೆದಿತ್ತು. ಚೌರಪ್ಪ ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟಲು ಬಗ್ಗಿಸಿದ. ನೀರು ಒಣ ಮಣ್ಣಿನ ಮೇಲೆ ಒಂದು ಗಳಿಗೆ ನಿಂತು, ಗುಳ್ಳೆ ಬಿಟ್ಟು, ಒಳಕ್ಕೆ ಇಳಿಯಿತು. ಮಣ್ಣು ಕಪ್ಪಾಗಿ, ಮತ್ತೆ ನಿಧಾನಕ್ಕೆ ಕೆಂಪಗಾಗುವವರೆಗೂ ಅವನು ಬಟ್ಟಲನ್ನು ಮೇಲೆತ್ತಲಿಲ್ಲ.